ಸಮ್ ಬಿಟ್ಟ ಕೈ

"ಅಲ್ಲಲ್ಲ, ಅಲ್ಲಿ ತಟ್ಟೂದಲ್ಲ" ಎಂದು ಇನಾಸ ರೆಕಾರ್ಡಿನ ಮೇಲಿಂದ ಮುಳ್ಳು ಎತ್ತಿಬಿಟ್ಟ.

ನಾಗಪತಿ ಹೆಗಡೆಯ ಕೈ ತೊಡೆಯ ಮೇಲೆ ಅರ್ಧಕ್ಕೇ ನಿಂತಿತು. ಕುಮಟೆಯ ಸಂಗೀತ ಸಭೆಯಲ್ಲಿ ಮೂವತ್ತು ವರ್ಷದಿಂದ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕಿದ ಕೈ ಅದು. ಎಂಥ ತಬಲಾದವನೂ ಸಮ್ಮಿಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವಾಗ ನನ್ನ ಕೈ ನೋಡುತ್ತಾನೆ ಎಂದು ಅವನು ಹೇಳಿಕೊಂಡು ತಿರುಗುತ್ತಿದ್ದ. ಯಾರೂ ನೋಡುತ್ತಿರಲಿಲ್ಲ. ಆ ಸಭೆಯಲ್ಲಿ ಹಾಡುವವರಿಗಿಂತ ಕೇಳುವವರ ಜಂಬವೇ ಹೆಚ್ಚು. ಒಂದು ರಾಗ ಗುರುತಿಸಿದರೆ ಎಂಟು ದಿನ ಅದನ್ನೇ ಹೇಳಿಕೊಂಡು ಚಾ ಕುಡಿಯುವ ಜನ.

ಹೊನ್ನಾವರಕ್ಕೆ ಅವನು ಬಂದದ್ದು ರಿಪೇರಿಗೆ ಕೊಟ್ಟ ಸಭೆಯ ಆಂಪ್ಲಿಫೈಯರ್ ಒಯ್ಯಲಿಕ್ಕೆ. ಇನಾಸ ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವನು, ಈಗ ಜಗಲಿಯಲ್ಲಿ ಕೂತು ಮೈಕು, ರೇಡಿಯೋ ಬಿಚ್ಚುತ್ತಾನೆ. ರಿಪೇರಿಯಾದದ್ದನ್ನು ಪರೀಕ್ಷಿಸಲು ಅಮೆರಿಕದ ಯಾವುದೋ ಬಂದರಿನಲ್ಲಿ ಕೊಂಡ ಹಳೇ ಜಾಜ್ ರೆಕಾರ್ಡು ಹಾಕುತ್ತಾನೆ. ಟ್ರಂಪೆಟ್ಟು, ಕ್ಲಾರಿಯೊನೆಟ್ಟು, ಡ್ರಮ್ಮು. ಮದುವೆ ಬ್ಯಾಂಡಿನವರು ಕುಡಿದು ಬಾರಿಸಿದ ಹಾಗಿದೆ ಎಂದು ನಾಗಪತಿ ಮೂಗು ಮುರಿದ. ಆದರೂ ನಾಲ್ಕು ಪೆಟ್ಟಿನ ಲೆಕ್ಕ ಸಿಕ್ಕಿತಲ್ಲ ಎಂದು ಒಂದಕ್ಕೆ ತಟ್ಟಿ ತೋರಿಸಹೋದ.

"ಒಂದಕ್ಕಲ್ಲದೆ ಎಲ್ಲಿ ತಟ್ಟೂದು? ತಾಳ ನಂಗೆ ಹೇಳ್ಕೊಡ್ತ್ಯ ನೀನು?"

"ನಿಮ್ಮ ತಾಳ ನಿಮ್ಗೆ, ಹೆಗಡೇರೆ. ಇಲ್ಲಿ ಎರಡಕ್ಕೆ, ನಾಲ್ಕಕ್ಕೆ. ಒಂದನ್ನ ಬಿಟ್ಬಿಡಿ."

ಬಿಡುವುದೆಂದರೇನು? ಎರಡು ಸಲ ಕೈ ಹಳೇ ಜಾಗಕ್ಕೇ ಬಿತ್ತು, ಇನಾಸ ಎರಡು ಸಲವೂ ನಕ್ಕ. ಮೂರನೇ ಸಲ ಕ್ಲಾರಿಯೊನೆಟ್ಟು ಉಳಿದವರನ್ನೆಲ್ಲ ಬಿಟ್ಟು ಮೇಲೆ ಹತ್ತುತ್ತಿದ್ದಾಗ ಕೈ ತನ್ನಷ್ಟಕ್ಕೇ ಎರಡಕ್ಕೆ ಬಿತ್ತು. ಆಮೇಲೆ ನಾಲ್ಕಕ್ಕೆ. ಅರವತ್ತರ ಆ ದೊಡ್ಡ ಮನುಷ್ಯನಿಗೆ ಖುಷಿಯಾಯಿತು, ಅಷ್ಟು ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

"ಇನ್ನೊಂದ್ಸಲ ಹಾಕು" ಎಂದ.

ಅಂಟಿದ್ದು ಸಾಯುವ ತನಕ ಬಿಡುವಂಥದ್ದಲ್ಲ. ಆಂಪ್ಲಿಫೈಯರ್ ಇನ್ನೂ ಗುಂಯ್ ಎನ್ನುತ್ತದೆ ಎಂದು ಸಭೆಗೆ ಸುಳ್ಳು ಹೇಳಿ ನಾಲ್ಕು ತಿಂಗಳು ಗುರುವಾರ ಗುರುವಾರ ಹೊನ್ನಾವರದ ಬಸ್ಸು ಹತ್ತಿದ. ಬಸ್ಸಿನಲ್ಲಿ ಮೊಬೈಲು, ಕಿವಿಯಲ್ಲಿ ವೈರು, ಅದೇ ಹಾಡು. ಆದರೆ ಸಭೆಯ ಮುಂದಿನ ಸಾಲನ್ನು ಮಾತ್ರ ಬಿಡಲಿಲ್ಲ. ಅದೊಂದು ಹೋದರೆ ಊರಿನಲ್ಲಿ ಅವನಿಗೆ ಉಳಿಯುವುದಾದರೂ ಏನು?

ಫೆಬ್ರವರಿಯ ಬೈಠಕ್ಕಿನಲ್ಲಿ ಧಾರವಾಡದ ಕಡೆಯ ಗಾಯಕಿ ಜೋರು ಲಯದ, ನಾಲ್ಕು ನಾಲ್ಕಾಗಿ ಎಣಿಸುವ ತೀನ್‌ತಾಲಕ್ಕೆ ಬಂದಿದ್ದಳು. ಸಭೆಯವರೆಲ್ಲ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅರ್ಧಕ್ಕರ್ಧ ನಿದ್ದೆ. ನಾಗಪತಿಯ ಕೈ ತೊಡೆಯ ಮೇಲೆ ಎದ್ದಿತು. ಒಂದನ್ನು ಬಿಟ್ಟಿತು. ಎರಡಕ್ಕೆ ಬಿತ್ತು, ಮತ್ತೆ ನಾಲ್ಕಕ್ಕೆ. ಪಟ್ಟನೆ, ಎಲ್ಲರಿಗೂ ಕೇಳುವ ಹಾಗೆ.

ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬ ತಬಲಾದವನು ಅವನ ಕೈಯನ್ನು ನಿಜಕ್ಕೂ ನೋಡಿದ. ನೋಡಿದವನೇ ಸಮ್ ತಪ್ಪಿಸಿದ.

ಗಾಯಕಿ ಹಾಡು ನಿಲ್ಲಿಸಿದಳು. ನಿದ್ದೆಯಲ್ಲಿದ್ದವರೂ ಎಚ್ಚರಾದರು. ಸಭೆಯ ಅಧ್ಯಕ್ಷ ಶ್ರೀಧರ ಭಟ್ಟ ಬಗ್ಗಿ ನಾಗಪತಿಯ ಮುಂಗೈ ಹಿಡಿದ.

"ಎಂತ ಆತು ನಿಂಗೆ? ಸಮ್ ಎಲ್ಲಿದ್ದು ಗೊತ್ತಿಲ್ಯ?"

"ಗೊತ್ತಿದ್ದು. ಕೈ ಅಲ್ಲಿಗೆ ಹೋಗ್ತಾ ಇಲ್ಲೆ."

"ಹಾಂಗಾರೆ ಹಿಂದೆ ಹೋಗಿ ಕೂರು."

ತಲೆ ತಿರುಗಿದ್ದಾಗಿರಬೇಕು ಎಂದೊಂದು ಮಾತು ಹೇಳಿದ್ದರೆ ಜಾಗ ಉಳಿಯುತ್ತಿತ್ತು. ನಾಗಪತಿ ಹೇಳಲಿಲ್ಲ. ಎದ್ದು, ಪಂಚೆ ಸರಿಮಾಡಿಕೊಂಡು, ಜಮಖಾನೆಯ ಉದ್ದಕ್ಕೂ ನಡೆದ. ಅವನ ಜಾಗಕ್ಕೆ ಇಬ್ಬರು ಆಗಲೇ ಸರಿದಿದ್ದರು.

ಬಾಗಿಲ ಹತ್ತಿರ ಚಪ್ಪಲಿಗಳ ರಾಶಿಯ ಪಕ್ಕ ಅವನು ಕೂತ. ಹಾಡು ಮತ್ತೆ ಶುರುವಾಯಿತು. ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಹುದುಗಿಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ಪಂಚೆಯ ಅಂಚಿನಡಿ ಅವನ ಕಾಲಿನ ಹೆಬ್ಬೆರಳು ಅಲ್ಲಾಡಿತು. ಎರಡಕ್ಕೆ. ನಾಲ್ಕಕ್ಕೆ.