ಪಟ್ಟಿಯಲ್ಲಿಲ್ಲದ ಹೆಸರು

"ಬಾಯಾರ, ಪಟ್ಟಿ ಒಳಗ ನನ್ನ ಹೆಸರು ಇಲ್ಲಂತಲ್ರಿ?"

ಬಾರಾಮತಿಯ ಗದ್ದೆಯಲ್ಲಿ ಕಬ್ಬು ಕಡಿಯುವ ತಿಪ್ಪವ್ವ ಫೋನು ಮಾಡಿದಾಗ ಪುಣೆಯಲ್ಲಿ ಡಾಕ್ಟರ್ ನರ್ಮದಾ ಅರ್ಜಿಯ ಕೊನೆಯ ಪುಟದಲ್ಲಿದ್ದಳು. ಬಿಸಿಲಲ್ಲಿ ಕಬ್ಬು ಕಡಿಯುವವರ ಮೂತ್ರಪಿಂಡ ಯಾಕೆ ಕೆಡುತ್ತದೆಂದು ಪತ್ತೆ ಹಚ್ಚಲು ಅನುದಾನ ಬೇಕಿತ್ತು. ತಪಾಸಣೆ ಮಾಡಬೇಕಾದ ಕೂಲಿಯವರ ಪಟ್ಟಿಯೂ ಅರ್ಜಿಯ ಜೊತೆಗಿತ್ತು. ಹೋದ ವರ್ಷ ಒಮ್ಮೆ ತಿರಸ್ಕರಿಸಿದ್ದರು. ಈ ಸಲದ ಅರ್ಜಿ ಸಂಜೆ ಐದರೊಳಗೆ ಹೋಗಲೇಬೇಕು.

"ಎಲ್ಲಾರ ಹೆಸರೂ ಹಾಕೇನಲ್ಲ, ತಿಪ್ಪವ್ವ."

"ನಮ್ಮವರದು ಅಷ್ಟ ಅದ ಅಂದ್ರು ಮುಕಾದಮ. ನಾನೂ ಜೋಡಿ ನಿಂತು ಕಡೀತೀನಲ್ರಿ. ಹೊರಗ ಹೋಗಾಕ ಮರೆ ಇಲ್ಲಂತ ದಿನಾ ಪೂರ್ತಿ ನೀರ ಕುಡಿಯೂದಿಲ್ಲ. ಉರಿಮೂತ್ರ ಆಗೂದು ನನಗ."

ನರ್ಮದಾ ಪಟ್ಟಿ ತೆಗೆದು ನೋಡಿದಳು. ಕೂಲಿಯವರನ್ನು ಕರೆತರುವ ಮುಕಾದಮರು ಗಂಡ ಹೆಂಡತಿ ಜೋಡಿಗೆ ಬರೆಯುವುದು ಒಂದೇ ಹೆಸರು, ಗಂಡನದು. ಹೆಂಗಸರು ಕಡಿಯುವುದನ್ನು ಕಣ್ಣಾರೆ ಕಂಡಿದ್ದವಳೇ ಅವರು ಕೊಟ್ಟ ಇನ್ನೂರು ಗಂಡಸರ ಹೆಸರನ್ನು ಇದ್ದ ಹಾಗೇ ಇಳಿಸಿಕೊಂಡಿದ್ದಳು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಅಂಕಿಅಂಶ ನೋಡುತ್ತಿದ್ದ ಕೇದಾರ ತಲೆಯ ಮೇಲೆ ಕೈ ಹೊತ್ತ. "ಎಲ್ಲಾ ಮೊದಲಿಂದ ಮಾಡಬೇಕ್ರಿ ಮೇಡಂ. ಐದಕ್ಕ ಆಗೂದಿಲ್ಲ. ಹಿಂಗ ಕಳಸ್ರಿ, ಯಾರಿಗೂ ತಿಳಿಯೂದಿಲ್ಲ."

"ನನಗ ತಿಳೀತಲ್ಲಪಾ. ಇನ್ನೂರು ಗಂಡಸರ ಬದಲಿ ನೂರು ಜೋಡಿ, ಅದ ಇನ್ನೂರು ಮಂದಿ. ನಡಿ, ಶುರು ಮಾಡು."

ಮಧ್ಯಾಹ್ನ ತರಿಸಿದ ಅವಲಕ್ಕಿ ತಟ್ಟೆಯಲ್ಲೇ ಒಣಗಿತು. ಕೇದಾರ ಗೊಣಗುತ್ತಲೇ ಲೆಕ್ಕ ಹಾಕಿದ; ಆದರೆ ಅವನ ಗೊಣಗಾಟಕ್ಕಿಂತ ಅವನ ಬೆರಳು ಚುರುಕು. ನರ್ಮದಾ ನಾಲ್ಕನೆಯ ಪುಟವನ್ನು ಪೂರ್ತಿ ಅಳಿಸಿ, ಮರೆಯಿಲ್ಲದ ಗದ್ದೆಯಲ್ಲಿ ನೀರನ್ನೇ ಮುಟ್ಟದ ಹೆಂಗಸರ ಬಗ್ಗೆ ಬರೆದಳು. ಇಷ್ಟು ದಿನ ತಡವರಿಸುತ್ತಿದ್ದ ವಾದ ಈಗ ತಾನಾಗಿ ಕೂಡಿಬಂತು. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಅರ್ಜಿ ಹೋಯಿತು.

ಅನುದಾನ ಮಂಜೂರಾಯಿತು. ಪತ್ರದಲ್ಲಿ ಪರಿಶೀಲಕರು ಮೆಚ್ಚಿ ಬರೆದದ್ದು ಆ ನಾಲ್ಕನೆಯ ಪುಟವನ್ನೇ. ಕೇದಾರ ಅದನ್ನು ಎರಡೆರಡು ಸಲ ಓದಿ, ತನ್ನದೇ ಯೋಚನೆಯೆಂಬಂತೆ ಎಲ್ಲರಿಗೂ ಪೇಢೆ ಹಂಚಿದ.

ಮುಂದಿನ ಹಂಗಾಮಿನಲ್ಲಿ ತಪಾಸಣೆಗೆಂದು ಗದ್ದೆಯ ಬದಿಗೆ ಮೇಜು ಹಾಕಿದರು. ಮುಕಾದಮ ರೂಢಿಯಂತೆ ಗಂಡಸರ ಹೆಸರು ಕೂಗತೊಡಗಿದ. ನರ್ಮದಾ ಕೈಯೆತ್ತಿ ಅವನನ್ನು ತಡೆದು, ಹೊಸ ಪಟ್ಟಿಯ ವಹಿ ತೆರೆದಳು.

"ಬಾ, ತಿಪ್ಪವ್ವ."

ತಿಪ್ಪವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದಳು. ಗಂಡ ಹಿಂದೆ ನಿಂತ. ನರ್ಮದಾ ಮೂತ್ರ ಪರೀಕ್ಷೆಯ ಪುಟ್ಟ ಬಾಟಲಿಗೆ ಒಂದನೆಯ ನಂಬರಿನ ಚೀಟಿ ಹಚ್ಚಿ, ಅವಳ ಹೆಸರು ಬರೆದು ಕೊಟ್ಟಳು. ಚೀಟಿಯ ಅಂಚು ಸ್ವಲ್ಪ ಎದ್ದಿತ್ತು. ತಿಪ್ಪವ್ವ ಅದನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು.