ನಿಂತೇ ದುಡಿದ ಕರಿಹಲಗೆ

ನಾನು ಒಂದು ಕರಿಹಲಗೆ. ಹುಟ್ಟಿದ್ದು ಬೆಟಗೇರಿಯ ಬಡಿಗ ಮೌನೇಶಪ್ಪನ ಕೈಯಲ್ಲಿ. ಅವನು ಮೂರು ಕಾಲು ಕೊಟ್ಟ. ನಡೆಯುವ ಭಾಗ್ಯ ಮಾತ್ರ ಕೊಡಲಿಲ್ಲ. ಓಣಿಯ ಶಾಲೆಗೆ ಬಂದ ಮೇಲೆ ಮಕ್ಕಳು ವರ್ಷಕ್ಕೊಮ್ಮೆ ಇದ್ದಿಲು, ತೊಂಡೆಸೊಪ್ಪು ಅರೆದು ನನ್ನ ಮೈಗೆ ಬಳಿಯುತ್ತಿದ್ದರು. ಅಷ್ಟು ಉಪಚಾರ ಮದುಮಗನಿಗೂ ಸಿಕ್ಕಿರಲಿಕ್ಕಿಲ್ಲ!

ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು ಹನುಮವ್ವ. ಅಂಗನವಾಡಿ ಟೀಚರ್ ಆಗುವ ಆಸೆ ಅವಳಿಗೆ. ಅದಕ್ಕೆ ಹತ್ತನೆಯ ತರಗತಿ ಪಾಸಾಗಬೇಕು. ಉಳಿದದ್ದು ಇಂಗ್ಲಿಷ್ ಒಂದೇ. ಅದರಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದಳು. ಪಾತ್ರೆ ತೊಳೆದಾದ ಮೇಲೆ ನೀಲಮ್ಮ ಟೀಚರು ಅವಳನ್ನು ನನ್ನೆದುರು ಕೂರಿಸಿ ಪಾಠ ಹೇಳತೊಡಗಿದರು. ಅವರು ವಾಕ್ಯ ಬರೆಯಬೇಕು, ಇವಳು ಕ್ರಿಯಾಪದದ ಕೆಳಗೆ ಕೆಂಪು ಸೀಮೆಸುಣ್ಣದಿಂದ ಗೆರೆ ಎಳೆಯಬೇಕು. ಹನುಮವ್ವ ಎಲ್ಲಕ್ಕಿಂತ ಉದ್ದದ ಪದ ಹುಡುಕಿ ಗೆರೆ ಎಳೆದುಬಿಡುತ್ತಿದ್ದಳು.

“ದೊಡ್ಡದನ್ನ ಹುಡುಕಬ್ಯಾಡ ಹನುಮವ್ವಾ. ಯಾವ ಶಬ್ದ ಬೆವರತೈತಿ, ಅದನ್ನ ನೋಡು,” ಅಂದರು ಟೀಚರು.

ದುಡಿಯುವವಳಿಗೆ ದುಡಿಯುವ ಪದ ತಿಳಿಯದೆ ಇರುತ್ತದೆಯೇ? ಕಟ್, ವಾಶ್, ಕುಕ್, ಎಲ್ಲವೂ ಅವಳ ಕೈ ದಿನಾ ಮಾಡುವ ಕೆಲಸಗಳೇ. ವಾರದೊಳಗೆ ನನ್ನ ಮೈತುಂಬ ಸರಿಯಾದ ಗೆರೆಗಳು. ಆದರೆ ‘ದ ವಾಟರ್ ಈಸ್ ಹಾಟ್’ ಬಂದ ದಿನ ಸೀಮೆಸುಣ್ಣ ಕೆಳಗಿಟ್ಟು ಕೂತುಬಿಟ್ಟಳು.

“ಇಲ್ಲಿ ಯಾರೂ ಬೆವರಾಕತ್ತಿಲ್ಲಲ್ರೀ ಅಕ್ಕಾರ! ಈ ಸಲನೂ ನಂದು ಅಷ್ಟ.”

ಅವಳ ಕಣ್ಣು ತುಂಬಿದ್ದು ಕಂಡು ನನಗೂ ಸಂಕಟವಾಯಿತು. ಟೀಚರು ನನ್ನ ಬೆನ್ನು ತಟ್ಟಿದರು.

“ಈ ಹಲಗಿ ನೋಡು. ಎಂದರ ಓಡೈತೇನು? ಸುಮ್ಮನ ಹಿಡಕೊಂಡು ನಿಂತೈತಿ. ಇದಿಲ್ಲಂದ್ರ ಅಕ್ಷರ ಎಲ್ಲಿ ನಿಲ್ತಾವ? ‘ಈಸ್’ ಅನ್ನೋದೂ ಹಂಗ. ಹಿಡಕೊಂಡು ನಿಲ್ಲೋದೂ ಕೆಲಸನ.”

ಹನುಮವ್ವ ಎದ್ದು ಬಂದು ‘ಈಸ್’ ಕೆಳಗೆ ಗೆರೆ ಎಳೆದಳು. ಬರೀ ನಿಂತವನು ಎಂದು ಅಷ್ಟು ವರ್ಷ ಕೊರಗುತ್ತಿದ್ದ ನಾನು ಅಂದು ಹಿಗ್ಗಿಹೋದೆ.

ಮೂರನೆಯ ಸಲ ಅವಳು ಪಾಸಾದಳು, ಬೇಡಿಕೊಂಡ ಕೆಲಸವೂ ಸಿಕ್ಕಿತು. ಆ ವರ್ಷವೇ ಶಾಲೆಗೆ ಹಸಿರು ಬೋರ್ಡು ಬಂದು ನಾನು ಮೂಲೆ ಸೇರಿದೆ. ಗುಜರಿಗೆ ಹಾಕುವ ಮಾತು ಎದ್ದಾಗ ಹನುಮವ್ವ ಓಡಿ ಬಂದು, ಕೇಳಿ ಪಡೆದು, ಕೈಗಾಡಿಯಲ್ಲಿ ತನ್ನ ಅಂಗನವಾಡಿಗೆ ಒಯ್ದಳು. ಪುಟಾಣಿಗಳ ಕೈಗೆ ಎಟುಕಲೆಂದು ನನ್ನ ಕಾಲುಗಳನ್ನು ಎರಡು ಗೇಣು ಕೊಯ್ಸಿದಳು. ಬೇಸರವೇನೂ ಆಗಲಿಲ್ಲ, ಓಡುವ ಕಾಲುಗಳಂತೂ ಅಲ್ಲವಲ್ಲ.

ಮೊದಲ ದಿನ, ಮಕ್ಕಳು ಬರುವ ಮುನ್ನ, ಅವಳು ನನ್ನ ಮೇಲೆ ಬರೆದಳು: ‘ಹನುಮವ್ವ ಈಸ್ ಎ ಟೀಚರ್.’ ಪುಟ್ಟ ಪದದ ಕೆಳಗೆ ಕೆಂಪು ಗೆರೆ ಎಳೆದು, ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನನ್ನು ಒರೆಸಲು ಮಾತ್ರ ಸಂಜೆಯವರೆಗೂ ಅವಳಿಗೆ ಮನಸ್ಸು ಬರಲಿಲ್ಲ. ನಾನೂ ಹಿಡಿದುಕೊಂಡೇ ನಿಂತಿದ್ದೆ.