ಪೂರ್ವ ಗೆದ್ದರೆ ಮೊದಲ ಕುರ್ಚಿ

ಡೆಟ್ರಾಯಿಟ್‌ನ ಪರ್ನೆಲ್ ಅವರ ಕಟಿಂಗ್ ಶಾಪಿನಲ್ಲಿ ಕಿಟಕಿ ಪಕ್ಕದ್ದೇ ಮೊದಲ ಕುರ್ಚಿ. ಬೀದಿಯಿಂದ ಹೊಸದಾಗಿ ಒಳಬಂದ ಗಿರಾಕಿಯೆಲ್ಲ ಅದರ ಪಾಲು. ಅಲ್ಲಿದ್ದ ಹಿರಿಯ ನಿವೃತ್ತನಾದ ದಿನವೇ ಇಬ್ಬರು ಅದನ್ನು ಕೇಳಿದರು: ಹಿಂದಿನ ಮೂಲೆಯಲ್ಲಿ ವರ್ಷಗಟ್ಟಲೆ ಕತ್ತರಿ ಆಡಿಸಿದ್ದ ಒಡೆಸ್ಸಾ, ಮತ್ತು ಫೀನಿಕ್ಸ್‌ನಿಂದ ಬಂದು ಇಲ್ಲಿ ನೆಲೆಸಿದ್ದ ರಾಸ್ಕೊ.

ಅವರಿಬ್ಬರ ನಡುವೆ ಮೊದಲೇ ಇನ್ನೊಂದು ಜಗಳವಿತ್ತು. ದೇಶದ ಬ್ಯಾಸ್ಕೆಟ್‌ಬಾಲ್ ಲೀಗ್‌ನ ತಂಡಗಳಲ್ಲಿ ಪೂರ್ವ ಬಣ ಬಲಿಷ್ಠವೋ, ಪಶ್ಚಿಮ ಬಣವೋ? ಡೆಟ್ರಾಯಿಟ್ ಪೂರ್ವದ್ದು, ಫೀನಿಕ್ಸ್ ಪಶ್ಚಿಮದ್ದು.

“ಎರಡೂ ಜಗಳ ಒಂದೇ ಸಲ ಮುಗೀಲಿ,” ಎಂದರು ಪರ್ನೆಲ್. “ಈ ಸೀಸನ್‌ನಲ್ಲಿ ಪೂರ್ವ ಮುಂದಿದ್ರೆ ಕುರ್ಚಿ ಒಡೆಸ್ಸಾಗೆ. ಪಶ್ಚಿಮ ಮುಂದಿದ್ರೆ ರಾಸ್ಕೊಗೆ. ಸಮ ಆದ್ರೂ ರಾಸ್ಕೊಗೇ, ಯಾಕಂದ್ರೆ ಹೋದ್ಸಲ ಮುಂದಿದ್ದಿದ್ದು ಪಶ್ಚಿಮ.”

“ಲೆಕ್ಕ ಹೇಗೆ ಯಜಮಾನ್ರೇ? ಕಪ್ ಗೆದ್ದೋರದ್ದಾ?” ಎಂದ ರಾಸ್ಕೊ.

“ಕಪ್ ಗೆಲ್ಲೋದು ಒಂದು ತಂಡ ಕಣಯ್ಯಾ, ಬಣ ಅಲ್ಲ. ಮನೆಯೊಳಗಿನ ಕುಸ್ತೀನೂ ಬೇಡ, ಅಲ್ಲಿ ಯಾರು ಗೆದ್ರೂ ಮನೆಯೋರೇ. ಪೂರ್ವ, ಪಶ್ಚಿಮ ಎದುರುಬದುರು ಆಡಿದ್ದಷ್ಟೇ ಲೆಕ್ಕ.”

ಅಂಥ ಪಂದ್ಯಗಳು ಸೀಸನ್ನಿಗೆ ನಾನೂರ ಐವತ್ತು. ಏಪ್ರಿಲ್‌ನ ಆ ಶನಿವಾರ ಮಧ್ಯಾಹ್ನ ಉಳಿದದ್ದು ಒಂದೇ. ಗೆಲುವುಗಳು ಪೂರ್ವಕ್ಕೆ 225, ಪಶ್ಚಿಮಕ್ಕೆ 224. ಒಡೆಸ್ಸಾಗೆ ಗೆಲುವೇ ಬೇಕಿತ್ತು; ಸೋತರೆ ಸಮ, ಸಮವಾದರೆ ಮತ್ತೆ ಅದೇ ಮೂಲೆ. ಅವಳ ಪರ ಆಡುತ್ತಿದ್ದದ್ದು ಪೂರ್ವದ ಪಟ್ಟಿಯ ತಳದಲ್ಲಿದ್ದ ಶಾರ್ಲೆಟ್ ತಂಡ. ಎದುರಿಗೆ ಪಶ್ಚಿಮದ ಅಗ್ರ ತಂಡ ಡೆನ್ವರ್.

ಮುಂದಿನ ಸುತ್ತು ಖಚಿತವಾಗಿದ್ದರಿಂದ ಡೆನ್ವರ್ ತನ್ನ ಇಬ್ಬರು ದೊಡ್ಡ ಆಟಗಾರರಿಗೆ ವಿಶ್ರಾಂತಿ ಕೊಟ್ಟಿತ್ತು. ಒಡೆಸ್ಸಾಳ ಮುಖ ಅರಳಿದ್ದು ಕಂಡು ರಾಸ್ಕೊ ನಕ್ಕ.

“ಖುಷಿಪಡ್ಬೇಡ ತಂಗೀ. ನಮ್ಮಲ್ಲಿ ಬೆಂಚ್ ಕಾಯೋರು ನಿಮ್ಮ ಕಡೆ ಬಂದ್ರೆ ನಾಯಕರು.”

“ಹಾಗಾದ್ರೆ ಆಮೇಲೆ ಬೆಂಚಿನೋರು ಆಡಿದ್ರು ಅಂತ ಅಳೋ ಹಾಗಿಲ್ಲ, ನೋಡು.”

“ಅಳೋದಾ? ನಾನಾ?”

ಅಂಗಡಿಯ ಟಿವಿಯಲ್ಲಿ ಆಟ ಶುರುವಾಯಿತು. ಶಾರ್ಲೆಟ್ ಹಿಂದೆ ಬಿತ್ತು, ಸಮೀಪಿಸಿತು, ಮತ್ತೆ ಬಿತ್ತು. ಕೊನೆಯ ಕ್ಷಣಕ್ಕೆ ಒಂದೇ ಪಾಯಿಂಟಿನ ಕೊರತೆ. ಎಸೆದ ಚೆಂಡು ರಿಂಗಿಗೆ ಬಡಿದು ಪುಟಿಯಿತು. ಗುಂಪಿನ ನಡುವಿಂದ ಶಾರ್ಲೆಟ್‌ನ ಉದ್ದನೆಯ ಹುಡುಗನೊಬ್ಬ ಹಾರಿ ಅದನ್ನು ಬೆರಳ ತುದಿಯಿಂದ ಒಳಗೆ ತಳ್ಳಿದ. ಅಷ್ಟರಲ್ಲಿ ಸಮಯ ಮುಗಿಯಿತೆಂದು ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು. ಚೆಂಡು ಮೊದಲೋ ದೀಪ ಮೊದಲೋ ಎಂದು ರೆಫರಿಗಳು ವಿಡಿಯೊ ನೋಡಲು ಹೋದರು.

ಒಡೆಸ್ಸಾಳ ಟ್ರಿಮ್ಮರ್ ಬಸ್ ಡ್ರೈವರ್ ಗ್ಯಾಡಿಸ್‌ನ ಅರ್ಧ ತಲೆಯಲ್ಲೇ ನಿಂತಿತ್ತು.

“ನನ್ನ ತಲೆ, ತಾಯೀ!”

“ಸುಮ್ನಿರಿ ಅಂಕಲ್, ಅದೇನು ಓಡಿಹೋಗುತ್ತಾ?”

ಪರದೆಯ ಮೇಲೆ ದೃಶ್ಯ ನಿಧಾನವಾಗಿ ಸರಿಯಿತು. ಚೆಂಡು ಬೆರಳು ಬಿಟ್ಟಿತ್ತು. ದೀಪ ಇನ್ನೂ ಹೊತ್ತಿರಲಿಲ್ಲ. ರೆಫರಿ ಎರಡು ಬೆರಳೆತ್ತಿ ಕೈ ಕೆಳಗಿಳಿಸಿದ. ಎರಡು ಪಾಯಿಂಟ್ ಸಿಕ್ಕಿ ಶಾರ್ಲೆಟ್ ಗೆದ್ದಿತು. ಪೂರ್ವ 226.

ಅಂಗಡಿ ಅದುರಿಹೋಯಿತು. ಕಾದು ಕೂತವರು, ನೊರೆ ಹಚ್ಚಿಸಿಕೊಂಡವರು, ಎಲ್ಲರೂ ಎದ್ದು ಕೂಗಿದರು. “ಬೆಂಚಿನೋರು...” ಎಂದು ರಾಸ್ಕೊ ಶುರುಮಾಡಿದ. ಎಲ್ಲರೂ ಅವನತ್ತ ತಿರುಗಿದರು. ಅವನು ಪೊರಕೆ ತೆಗೆದುಕೊಂಡು ನೆಲ ಗುಡಿಸತೊಡಗಿದ.

ಒಡೆಸ್ಸಾ ಮೂಲೆಯಲ್ಲಿದ್ದ ಟ್ರಿಮ್ಮರ್‌ನ ಪ್ಲಗ್ ಕಿತ್ತು ವೈರನ್ನು ಕೈಗೆ ಸುತ್ತಿಕೊಂಡಳು.

“ಏಳಿ ಅಂಕಲ್. ಉಳಿದರ್ಧ ಕಿಟಕಿ ಹತ್ರ.”

ಕುತ್ತಿಗೆಗೆ ಕಟ್ಟಿದ ಬಟ್ಟೆ ಹಾರಾಡಿಸುತ್ತ ಗ್ಯಾಡಿಸ್ ಮುಂದೆ ನಡೆದ. ಬಸ್ಸಿಗೆ ಕಾಯುತ್ತ ನಿಂತವರಿಗೂ ಕಾಣಲೆಂದು ಒಡೆಸ್ಸಾ ಕುರ್ಚಿಯನ್ನು ಬೀದಿಯ ಕಡೆಗೇ ತಿರುಗಿಸಿದಳು.